ತಂತಿ ಹಿಡಿದು ಬದುಕು ಕಟ್ಟಿದವರು

ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ದೂತರನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಒಡೆಯನ ಪರವಾಗಿ ತಾನೇ ನಿಶ್ಚಯಿಸಿ ಮಾತನಾಡಬಲ್ಲವನು ನಿಸೃಷ್ಟಾರ್ಥ. ಗೊತ್ತುಮಾಡಿಕೊಟ್ಟ ಎಲ್ಲೆಯೊಳಗೆ ಮಾತ್ರ ಮಾತನಾಡುವವನು ಪರಿಮಿತಾರ್ಥ. ಕೊಟ್ಟ ಓಲೆಯನ್ನು ಕೊಟ್ಟಂತೆಯೇ ಮುಟ್ಟಿಸಿ ಬರುವವನು ಶಾಸನಹರ. ಮೊದಲನೆಯವನಿಗೆ ಅಮಾತ್ಯನಿಗೆ ಇರಬೇಕಾದ ಗುಣಗಳೆಲ್ಲವೂ ಬೇಕು, ಎರಡನೆಯವನಿಗೆ ಕಾಲುಪಾಲು ಕಡಮೆಯಾದರೂ ನಡೆದೀತು, ಮೂರನೆಯವನಿಗೆ ಅರ್ಧದಷ್ಟಿದ್ದರೆ ಸಾಕು ಎಂದು ಅವನ ಮತ. ಓಲೆ ಹೊರುವವನಿಗೆ ಹೆಚ್ಚಿನ ಬುದ್ಧಿಯೇಕೆ ಎಂಬ ಭಾವನೆ ಆ ಕಾಲದಿಂದಲೂ ಇದ್ದಿತೆಂದು ಇದರಿಂದ ತಿಳಿಯುತ್ತದೆ.

ವಾಚಕ ಮಹಾಶಯರೇ, ಈ ಅರ್ಧಗುಣದ ಮಾತನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿರಿ. ಕಳೆದ ಸುಮಾರು ೧೭೫ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಶಾಸನಹರರ ಹೊಸದೊಂದು ಕುಲವೇ ಹುಟ್ಟಿ ಬೆಳೆಯಿತು. ತಂತಿ ಕಚೇರಿಯ ಸಿಗ್ನಲರುಗಳು, ಟೆಲಿಫೋನಿನ ಆಪರೇಟರುಗಳು, ಕಂಬ ಹತ್ತುವ ಲೈನ್‌ಮನ್ನರು, ಕಾರ್ಖಾನೆಯಲ್ಲಿ ರಿಲೇ ಜೋಡಿಸುವ ಹೆಣ್ಣುಮಕ್ಕಳು, ವಿನಿಮಯ ಕೇಂದ್ರಗಳ ಎಂಜಿನಿಯರುಗಳು ಇವರೆಲ್ಲರೂ ಆ ಕುಲದವರೇ. ಇಂದು ಮನೆಯಲ್ಲಿ ಮಗನೋ ಮಗಳೋ ಓದು ಮುಗಿಸಿ 'ಟೆಲಿಕಾಂ ಕಡೆಗೆ ಹೋಗುತ್ತೇನೆ' ಎಂದರೆ, ಆ ಕೆಲಸ ಜೀವನಪರ್ಯಂತ ನಿಂತೀತೇ ಎಂದು ತಂದೆತಾಯಿಗಳು ಕೇಳುವುದು ಸಹಜ. ಇದಕ್ಕೆ ಭವಿಷ್ಯ ಹೇಳುವವರಿಗಿಂತ ಇತಿಹಾಸವೇ ಒಳ್ಳೆಯ ಉತ್ತರ ಕೊಟ್ಟೀತು. ಆ ಇತಿಹಾಸವನ್ನು ಯಂತ್ರಗಳ ಕಡೆಯಿಂದ ನೋಡದೆ, ಯಂತ್ರವನ್ನು ಹಿಡಿದು ಬದುಕಿದವರ ಕಡೆಯಿಂದ ನೋಡೋಣ.

ನಮ್ಮ ದೇಶದಲ್ಲಿ ತಂತಿಯ ವಿದ್ಯೆಗೆ ಅಡಿಗಲ್ಲು ಹಾಕಿದವನು ಎಂಜಿನಿಯರನಲ್ಲ, ವೈದ್ಯ. ಐರ್ಲೆಂಡಿನಲ್ಲಿ ಹುಟ್ಟಿ ಎಡಿನ್‌ಬರೋದಲ್ಲಿ ವೈದ್ಯವನ್ನು ಕಲಿತ ವಿಲಿಯಂ ಬ್ರೂಕ್ ಓಶಾನೆಸಿ ಎಂಬಾತನು ೧೮೩೩ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಚಾಕರಿಗೆ ಬಂದು, ಮುಂದೆ ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕನಾದನು. ೧೮೩೯ರಲ್ಲಿ ಆತನು ಅಲ್ಲಿನ ಸಸ್ಯೋದ್ಯಾನದ ಬಳಿ ಬಿದಿರಿನ ಕಂಬಗಳ ಮೇಲೆ ಸುಮಾರು ೨೧ ಮೈಲಿ ತಂತಿಯನ್ನು ಸುತ್ತಿಸಿ, ಅದರಲ್ಲೊಂದು ಭಾಗವನ್ನು ಹೂಗ್ಲಿ ನದಿಯ ನೀರಿನೊಳಗೆ ಹಾಯಿಸಿ, ವಿದ್ಯುತ್ತಿನ ಮೂಲಕ ಸಂಜ್ಞೆಗಳನ್ನು ಕಳುಹಿಸಿ ತೋರಿಸಿದನು. ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಮೋರ್ಸನು ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ತನ್ನ ಪ್ರಸಿದ್ಧ ತಂತಿಯನ್ನು ಕಳುಹಿಸಿದ್ದು ಇದಾದ ಐದು ವರ್ಷಕ್ಕೆ, ೧೮೪೪ರಲ್ಲಿ. ಆದರೆ ಕಂಪನಿಯವರಿಗೆ ಇದರ ಬೆಲೆ ತಿಳಿಯಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ೧೮೫೦ರಲ್ಲಿ, ಡಾಲ್‌ಹೌಸಿಯ ಆಡಳಿತದಲ್ಲಿ, ಕಲ್ಕತ್ತೆಯಿಂದ ಡೈಮಂಡ್ ಹಾರ್ಬರಿಗೆ ಮೊದಲ ಸಾಲನ್ನು ಎಳೆಯಲಾರಂಭಿಸಿ ಮರುವರ್ಷ ಅದನ್ನು ಕಂಪನಿಯ ಕಾರ್ಯಕ್ಕೆ ತೆರೆದರು.

ಈ ಕೆಲಸದಲ್ಲಿ ಓಶಾನೆಸಿಗೆ ಬಲಗೈಯಾಗಿ ನಿಂತವರು ಶಿವಚಂದ್ರ ನಂದಿ. ಇವರು ಹುಟ್ಟಿದ್ದು ೧೮೨೪ರಲ್ಲಿ; ಕಲ್ಕತ್ತೆಯ ಟಂಕಸಾಲೆಯಲ್ಲಿ ನೌಕರರಾಗಿದ್ದವರು. ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲನ್ನು ಹತ್ತಿದವರಲ್ಲ. ಹತ್ತೋಣವೆಂದರೆ ತಂತಿಯ ವಿದ್ಯೆಯನ್ನು ಕಲಿಸುವ ಕಾಲೇಜೇ ಆಗ ಇರಲಿಲ್ಲ. ಕೈಯಿಂದ ಮಾಡುತ್ತ, ಕಣ್ಣಿನಿಂದ ನೋಡುತ್ತ ಕಲಿತರು. ಡೈಮಂಡ್ ಹಾರ್ಬರಿನ ತುದಿಯಿಂದ ಮೊದಲ ಸಂಜ್ಞೆಯನ್ನು ಕಳುಹಿಸಿದವರು ಇವರೇ. ಕಲ್ಕತ್ತೆಯ ತುದಿಯಲ್ಲಿ ಅದನ್ನು ಓದಿಕೊಂಡವನು ಓಶಾನೆಸಿ. ಮುಂದೆ ನಂದಿಯವರು ಬಂಗಾಳದಲ್ಲಿಯೂ ಉತ್ತರ ದೇಶದಲ್ಲಿಯೂ ನೂರಾರು ಮೈಲಿ ಸಾಲುಗಳನ್ನು ಮುಂದೆ ನಿಂತು ಎಳೆಸಿದರು. ಕಬ್ಬಿಣದ ಕಂಬ ದುಬಾರಿಯಾದೆಡೆ ತಾಳೆಮರದ ಬೊಡ್ಡೆಗಳನ್ನೇ ಕಂಬವಾಗಿ ನೆಡಿಸಿದರು. ಪದ್ಮಾ ನದಿಯ ತಳದಲ್ಲಿ ಕೇಬಲ್ಲು ಹಾಸಬೇಕಾಗಿ ಬಂದಾಗ, ಉಗಿಹಡಗಿನ ಬಾಡಿಗೆ ಹೆಚ್ಚೆಂದು ಕಂಡು ಬೆಸ್ತರ ದೋಣಿಗಳನ್ನು ಕೂಡಿಸಿ ಕೆಲಸವನ್ನು ಪೂರೈಸಿದರು. ೧೮೮೪ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅವರು ಇಲಾಖೆಯಲ್ಲಿ ಅಸಿಸ್ಟೆಂಟ್ ಸೂಪರಿಂಟೆಂಡೆಂಟರ ಹುದ್ದೆಗೇರಿ 'ರಾಯ್ ಬಹಾದೂರ್' ಬಿರುದನ್ನೂ ಪಡೆದಿದ್ದರು. ಭಾರತೀಯನೊಬ್ಬನು ಈ ಉದ್ಯೋಗದಲ್ಲಿ ಕಟ್ಟಿಕೊಂಡ ಮೊದಲ ಪೂರ್ಣ ಬಾಳು ಇದೆಂದರೆ ತಪ್ಪಾಗಲಾರದು.

೧೮೫೩ರ ಕೊನೆಯಲ್ಲಿ ದೇಶವ್ಯಾಪಿಯಾದ ಸಾಲುಗಳ ಕೆಲಸ ಆರಂಭವಾಯಿತು. ಕಲ್ಕತ್ತೆಯಿಂದ ಆಗ್ರಾ, ಆಗ್ರಾದಿಂದ ಬೊಂಬಾಯಿ, ಬೊಂಬಾಯಿಯಿಂದ ಮದ್ರಾಸು. ಈ ಕಡೆಯ ಸಾಲು ನಮ್ಮ ಬೆಂಗಳೂರಿನ ಮೇಲೆಯೇ ಹಾದುಹೋಯಿತು. ಮಂಗಗಳ ಹಿಂಡು ಜೋತಾಡಿದರೂ ಹರಿಯಬಾರದೆಂದು ಓಶಾನೆಸಿಯು ತೆಳುತಂತಿಗೆ ಬದಲಾಗಿ ದಪ್ಪ ಕಬ್ಬಿಣದ ಸರಳನ್ನೇ ಬಳಸಿದನು. ಮರದ ಕಂಬವನ್ನು ಗೆದ್ದಲು ತಿನ್ನುತ್ತದೆ. ಮೈಸೂರು ಸೀಮೆಯಲ್ಲಿ ಬಂಡೆಗೆ ಕೊರತೆಯಿಲ್ಲ. ಆದುದರಿಂದ ಇಲ್ಲಿ ಕಲ್ಲುಕಂಬಗಳನ್ನು ನೆಟ್ಟರು. ೧೮೫೫ರ ಫೆಬ್ರವರಿಯಿಂದ ಸಾರ್ವಜನಿಕರಿಗೂ ತಂತಿ ಕೊಡುವ ಅವಕಾಶವಾಯಿತು. ೧೬ ಮಾತುಗಳನ್ನು ೪೦೦ ಮೈಲಿಯವರೆಗೆ ಕಳುಹಿಸಲು ಒಂದು ರೂಪಾಯಿ. ಆ ಕಾಲದ ಒಂದು ರೂಪಾಯಿ ಬಡವನಿಗೆ ಎಷ್ಟು ದಿನದ ಕೂಲಿಯಾಗಿತ್ತೆಂಬುದನ್ನು ಯೋಚಿಸಿದರೆ, ತಂತಿಯೆಂಬುದು ಬಹುಕಾಲ ಸರ್ಕಾರ ಮತ್ತು ವರ್ತಕರ ಸೊತ್ತಾಗಿಯೇ ಏಕೆ ಉಳಿಯಿತೆಂದು ಅರ್ಥವಾಗುತ್ತದೆ.

ಸಾಲುಗಳಾದ ಮೇಲೆ ಅವುಗಳ ತುದಿಯಲ್ಲಿ ಕುಳಿತುಕೊಳ್ಳುವವರು ಬೇಕಷ್ಟೆ. ಓಶಾನೆಸಿಯು ಮೊದಲು ತನ್ನದೇ ಆದ ಮುಳ್ಳಿನ ಯಂತ್ರವನ್ನು ಬಳಸುತ್ತಿದ್ದನು; ಮುಳ್ಳು ಎಡಕ್ಕೂ ಬಲಕ್ಕೂ ಬಾಗುವುದನ್ನು ನೋಡಿ ಅಕ್ಷರವನ್ನು ಗುರುತಿಸಬೇಕಿತ್ತು. ೧೮೫೭ರ ಹೊತ್ತಿಗೆ ಅದನ್ನು ಕೈಬಿಟ್ಟು ಮೋರ್ಸನ ಪದ್ಧತಿಯನ್ನು ತಂದರು. ಅಂದರೆ, ಉದ್ಯೋಗ ಹುಟ್ಟಿ ಆರೇಳು ವರ್ಷವಾಗುವುದರೊಳಗೇ ಮೊದಲ ತಲೆಮಾರಿನವರು ಕಲಿತ ವಿದ್ಯೆ ಹಳತಾಗಿ ಹೊಸದನ್ನು ಕಲಿಯಬೇಕಾಯಿತು! ಈ ಕುಲದ ಹಣೆಬರಹ ಅಂದೇ ಬರೆದಂತಾಯಿತು.

ಮೋರ್ಸ್ ಪದ್ಧತಿಯೆಂದರೇನು? ಕನ್ನಡ ಛಂದಸ್ಸನ್ನು ಓದಿದವರಿಗೆ ಇದನ್ನು ವಿವರಿಸುವುದು ಬಹು ಸುಲಭ. ಚುಕ್ಕೆಯೆಂಬುದು ಲಘು, ಗೆರೆಯೆಂಬುದು ಗುರು. ನಮ್ಮ ಗುರುವಿಗೆ ಎರಡು ಮಾತ್ರೆ, ಮೋರ್ಸನ ಗೆರೆಗೆ ಮೂರು ಚುಕ್ಕೆಗಳ ಕಾಲ, ಭೇದವಿರುವುದು ಇಷ್ಟೇ. ಇಂಗ್ಲಿಷಿನಲ್ಲಿ ಅತಿ ಹೆಚ್ಚಾಗಿ ಬರುವ 'ಇ' ಅಕ್ಷರಕ್ಕೆ ಒಂದೇ ಲಘು, 'ಟಿ'ಗೆ ಒಂದೇ ಗುರು. ಅಪರೂಪದ 'ಕ್ಯೂ'ಗೆ ನಾಲ್ಕು ಚಿಹ್ನೆ. ನಮ್ಮ ಅಕ್ಷರಗಣಗಳು ಎಂಟು ತಾನೇ? ಮೂರು ಚಿಹ್ನೆಗಳಿಂದಾದ ಮೋರ್ಸ್ ಅಕ್ಷರಗಳೂ ಸರಿಯಾಗಿ ಎಂಟೇ. ಮೂರು ಲಘುವಿನ ನಗಣವೇ 'ಎಸ್', ಮೂರು ಗುರುವಿನ ಮಗಣವೇ 'ಓ'. ಯಗಣ 'ಡಬ್ಲ್ಯು', ರಗಣ 'ಕೆ', ತಗಣ 'ಜಿ', ಭಗಣ 'ಡಿ', ಜಗಣ 'ಆರ್', ಸಗಣ 'ಯು'. ಪ್ರಸ್ತಾರ ಹಾಕಿ ನೋಡಿರಿ, ಒಂದೂ ಬಿಟ್ಟುಹೋಗುವುದಿಲ್ಲ. ನಮ್ಮ ಪ್ರೌಢಶಾಲೆಯ ಮಕ್ಕಳು ವೃತ್ತಗಳಿಗೆ ಗಣವಿಭಾಗ ಮಾಡಲು ಬೇಸರಪಟ್ಟಾಗ ನಾನು ಇದನ್ನು ಹೇಳುವುದುಂಟು. ಹೇಳಿದ ಮೇಲೆ ತರಗತಿಯ ಮೇಜುಗಳೆಲ್ಲ ತಂತಿ ಕಚೇರಿಗಳಾಗಿಬಿಡುತ್ತವೆ.

ಆದರೆ ಆಟವಾಗಿ ಬಡಿಯುವುದು ಬೇರೆ, ಹೊಟ್ಟೆಪಾಡಿಗಾಗಿ ಬಡಿಯುವುದು ಬೇರೆ. ಮೊದಲು ಯಂತ್ರವು ಕಾಗದದ ಪಟ್ಟಿಯ ಮೇಲೆ ಚುಕ್ಕೆಗೆರೆಗಳನ್ನು ಒತ್ತುತ್ತಿತ್ತು. ಅದನ್ನು ನೋಡಿ ಬರೆದುಕೊಳ್ಳಬೇಕಿತ್ತು. ಕೆಲವೇ ವರ್ಷಗಳಲ್ಲಿ ಸಿಗ್ನಲರುಗಳು ಪಟ್ಟಿಯನ್ನು ನೋಡದೆ, ಯಂತ್ರದ ಟಕ್ ಟಕ್ ಸದ್ದನ್ನು ಕೇಳಿಯೇ ಅಕ್ಷರಗಳನ್ನು ತಿಳಿಯತೊಡಗಿದರು. ನುರಿತವನಿಗೆ ಅಕ್ಷರಗಳೂ ಕೇಳಿಸುತ್ತಿರಲಿಲ್ಲ. ಇಡೀ ಮಾತೇ ಕೇಳಿಸುತ್ತಿತ್ತು. ಇನ್ನೂ ಒಂದು ವಿಶೇಷವುಂಟು. ಪ್ರತಿಯೊಬ್ಬನ ಕೈಬರಹ ಬೇರೆಯಾಗಿರುವಂತೆ ಕೀಲಿಯ ಮೇಲೆ ಪ್ರತಿಯೊಬ್ಬನ ಕೈಬಡಿತವೂ ಬೇರೆ. ನೂರಾರು ಮೈಲಿ ದೂರದ, ಒಮ್ಮೆಯೂ ಮುಖ ಕಾಣದ ಸಹೋದ್ಯೋಗಿಯನ್ನು ಅವನ ಬಡಿತದಿಂದಲೇ ಗುರುತಿಸುತ್ತಿದ್ದರು. ಇಂಥ ವಿದ್ಯೆಗೆ ಅರ್ಧಗುಣ ಸಾಕೇ? ನೀವೇ ಹೇಳಿರಿ.

ಹೊಸದಾಗಿ ಹುಟ್ಟಿದ ಈ ಉದ್ಯೋಗಕ್ಕೆ ಬಾಗಿಲು ಎಲ್ಲರಿಗೂ ಒಂದೇ ಸಮನಾಗಿ ತೆರೆದಿರಲಿಲ್ಲ. ಸಿಗ್ನಲರುಗಳಲ್ಲಿ ಹೆಚ್ಚಿನವರು ಯೂರೋಪಿಯನ್ನರು ಮತ್ತು ಆಂಗ್ಲೋ-ಇಂಡಿಯನ್ನರು. ಅವರದು 'ಜನರಲ್ ಸರ್ವಿಸ್'; ದೇಶದ ಯಾವ ಮೂಲೆಗಾದರೂ ವರ್ಗವಾಗುವುದು, ಹೆಚ್ಚಿನ ಸಂಬಳ. ಭಾರತೀಯರಿಗೆ ಬಹುಮಟ್ಟಿಗೆ 'ಲೋಕಲ್ ಸರ್ವಿಸ್'; ಅದೇ ಕೀಲಿ, ಅದೇ ಸಂಕೇತ, ಕಡಮೆ ಸಂಬಳ. ಅಮೆರಿಕದಲ್ಲಿ ಹೀಗಿರಲಿಲ್ಲ. ಪಿಟ್ಸ್‌ಬರ್ಗಿನಲ್ಲಿ ತಂತಿ ಹಂಚುವ ಹುಡುಗನಾಗಿ ಸೇರಿದ ಆಂಡ್ರೂ ಕಾರ್ನೆಗಿಯು ಕಿವಿಯಿಂದಲೇ ಸಂಕೇತ ಗ್ರಹಿಸುವುದನ್ನು ಕಲಿತು ಮೇಲೇರಿ ಕೊನೆಗೆ ಉಕ್ಕಿನ ಉದ್ಯಮದ ದೊರೆಯಾದನು. ಥಾಮಸ್ ಎಡಿಸನ್ನನು ತನ್ನ ಯೌವನವನ್ನು ತಂತಿಯ ಮೇಜಿನಲ್ಲಿಯೇ ಕಳೆದು, ಅಲ್ಲಿ ಕಲಿತ ವಿದ್ಯುತ್ತಿನ ಪಾಠದಿಂದಲೇ ಶೋಧಕನಾದನು. ನಮ್ಮಲ್ಲಿ ಅಂಥ ಬುದ್ಧಿವಂತರಿರಲಿಲ್ಲವೆಂದಲ್ಲ; ಏಣಿಗೆ ಮೇಲಿನ ಮೆಟ್ಟಿಲುಗಳೇ ಇರಲಿಲ್ಲ. ನಂದಿಯವರಂಥವರು ಏರಿದ್ದು ಅಪವಾದ.

ಸರ್ಕಾರಕ್ಕೆ ಈ ನೌಕರರು ಎಷ್ಟು ಮುಖ್ಯರೆಂಬುದು ೧೮೫೭ರಲ್ಲಿಯೇ ತಿಳಿದಿತ್ತು. ಆ ವರ್ಷದ ಮೇ ೧೧ರಂದು ದೆಹಲಿಯ ತಂತಿ ಕಚೇರಿಯಲ್ಲಿದ್ದ ಬ್ರೆಂಡಿಷ್ ಮತ್ತು ಪಿಲ್ಕಿಂಗ್ಟನ್ ಎಂಬ ಇಬ್ಬರು ಯುವಕರು ಅಂಬಾಲಕ್ಕೆ ಬಡಿದ ತಂತಿಯಿಂದಲೇ ಬಂಡಾಯದ ಸುದ್ದಿ ಪಂಜಾಬಿಗೆ ಮುಟ್ಟಿತು. ಬಂಡಾಯಗಾರರೂ ತಂತಿಯ ಬಲವನ್ನು ಅರಿತು ಅನೇಕ ಕಡೆ ಸಾಲುಗಳನ್ನು ಕಡಿದುಹಾಕಿದರು. ಮುಂದೆ ೧೮೮೫ರ ತಂತಿ ಕಾಯಿದೆ ಬಂದಿತು. ಅದರಂತೆ, ತನ್ನ ಕೈಗೆ ಬಂದ ಸಂದೇಶವನ್ನು ಬದಲಿಸಿದ, ಅಡಗಿಸಿದ ಅಥವಾ ಕೂಡದವರಿಗೆ ಹೊರಗೆಡಹಿದ ನೌಕರನಿಗೆ ಮೂರು ವರ್ಷದವರೆಗೆ ಸೆರೆವಾಸ. ಈ ಕಾಯಿದೆಯ ಜಾಗಕ್ಕೆ ಹೊಸ ದೂರಸಂಪರ್ಕ ಕಾಯಿದೆಯನ್ನು ಮಾಡಿದ್ದು ೨೦೨೩ರಲ್ಲಿ! ಊರಿನ ಸಾವು, ಮದುವೆ, ಸಾಲ, ವ್ಯಾಪಾರ ಎಲ್ಲವೂ ತಂತಿಯ ಗುಮಾಸ್ತನಿಗೆ ಎಲ್ಲರಿಗಿಂತ ಮೊದಲು ಗೊತ್ತು. ಆದರೆ ಅವನು ಬಾಯಿ ಬಿಡುವಂತಿಲ್ಲ. ಕಾಯಿದೆಯ ಭಯಕ್ಕಿಂತ ವೃತ್ತಿಯ ಮರ್ಯಾದೆಯೇ ಅವನ ಬಾಯಿಗೆ ಬೀಗವಾಗಿತ್ತೆಂದು ಹೇಳಬೇಕು.

ದುಡಿಮೆ ಭಾರವಾದಾಗ ಈ ಮೌನಿಗಳೂ ದನಿಯೆತ್ತಿದರು. ೧೯೦೮ರಲ್ಲಿ ಕೆಲಸದ ವೇಳೆಯ ಹೊಸ ಕಟ್ಟಳೆಗಳನ್ನೂ ಸಂಬಳ ಬಡ್ತಿಗಳ ಅನ್ಯಾಯವನ್ನೂ ವಿರೋಧಿಸಿ ರಂಗೂನು, ಕಲ್ಕತ್ತ, ಬೊಂಬಾಯಿ, ಮದ್ರಾಸು ಮುಂತಾದ ಪಟ್ಟಣಗಳ ತಂತಿ ನೌಕರರು ಮುಷ್ಕರ ಹೂಡಿದರು. ಒಬ್ಬರನ್ನೊಬ್ಬರು ಕಾಣದವರು ಒಂದಾದದ್ದು ಹೇಗೆ? ಅವರ ಕೈಯಲ್ಲಿಯೇ ತಂತಿಯಿತ್ತಲ್ಲ! ಬೇಡಿಕೆಗಳೆಲ್ಲವೂ ಈಡೇರಿದವೆಂದಲ್ಲ, ಆದರೆ ಮಾತು ಸಾಗಿಸುವವನು ಕೈ ಎತ್ತಿದರೆ ವ್ಯಾಪಾರವೂ ರಾಜ್ಯಭಾರವೂ ನಿಲ್ಲುತ್ತವೆಂಬುದು ದೇಶಕ್ಕೆ ಗೊತ್ತಾಯಿತು.

ಈ ನಡುವೆ ಮಾರ್ಕೋನಿಯ ನಿಸ್ತಂತು ವಿದ್ಯೆ ಹಡಗುಗಳಿಗೆ ಕಾಲಿಟ್ಟಿತ್ತು. ೧೯೧೨ರ ಏಪ್ರಿಲಿನಲ್ಲಿ ಟೈಟಾನಿಕ್ ಹಡಗು ಮುಳುಗುತ್ತಿದ್ದಾಗ ಅದರ ನಿಸ್ತಂತು ಕೋಣೆಯಲ್ಲಿದ್ದವರು ಜ್ಯಾಕ್ ಫಿಲಿಪ್ಸ್ ಮತ್ತು ಹೆರಾಲ್ಡ್ ಬ್ರೈಡ್ ಎಂಬ ತರುಣರು. ಒಬ್ಬನಿಗೆ ೨೫ ವರ್ಷ, ಇನ್ನೊಬ್ಬನಿಗೆ ೨೨. ನಗಣ, ಮಗಣ, ಮತ್ತೆ ನಗಣ, ಇದೇ ಎಸ್.ಓ.ಎಸ್. ಎಂಬ ಆಪತ್ತಿನ ಕರೆ. ಹಡಗಿನ ನಾಯಕನು ನಿಮ್ಮ ಕೆಲಸ ಮುಗಿಯಿತೆಂದು ಬಿಡುಗಡೆ ಕೊಟ್ಟ ಮೇಲೆಯೂ ಫಿಲಿಪ್ಸನು ಕೀಲಿಯನ್ನು ಬಿಡಲಿಲ್ಲ. ಕರೆಯನ್ನು ಕೇಳಿ ಓಡಿಬಂದ ಕಾರ್ಪಾಥಿಯಾ ಹಡಗು ೭೦೦ಕ್ಕೂ ಹೆಚ್ಚು ಜನರನ್ನು ಉಳಿಸಿತು. ಬ್ರೈಡ್ ಉಳಿದನು, ಫಿಲಿಪ್ಸ್ ಉಳಿಯಲಿಲ್ಲ. ಆಯುಧವನ್ನು ಎತ್ತಿದ್ದರೂ ದೂತನು ಹೇಳಿಕಳುಹಿಸಿದ್ದನ್ನು ಹೇಳಲೇಬೇಕೆಂದು ಕೌಟಿಲ್ಯನೇ ವಿಧಿಸಿದ್ದಾನೆ. ಅಂದಮೇಲೆ ಶಾಸನಹರನ ಗುಣಗಳ ಲೆಕ್ಕದಲ್ಲಿ ಎಲ್ಲೋ ಒಂದು ಪಾಲು ಬಿಟ್ಟುಹೋಗಿರಬೇಕು. ಇನ್ನು, ನೀವು ಮನೆಯಲ್ಲಿ ಕೇಳುವ ಬಾನುಲಿಯೂ ಇದೇ ನಿಸ್ತಂತುವಿನ ಕೂಸು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರವನ್ನಾರಂಭಿಸಿ 'ಆಕಾಶವಾಣಿ' ಎಂಬ ಹೆಸರನ್ನು ರೂಢಿಗೆ ತಂದ ವಿಷಯ ನಿಮಗೆ ತಿಳಿದೇ ಇದೆ.

ಟೆಲಿಫೋನು ನಮ್ಮ ದೇಶಕ್ಕೆ ೧೮೮೨ರಲ್ಲಿ ಬಂದಿತು. ಆ ವರ್ಷದ ಜನವರಿಯಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಲ್ಲಿ ವಿನಿಮಯ ಕೇಂದ್ರಗಳು ತೆರೆದವು. ಕಲ್ಕತ್ತೆಯಲ್ಲಿ ಮೊದಲಿಗೆ ಇದ್ದ ಚಂದಾದಾರರು ೯೩ ಜನ. ಇದರೊಡನೆ ಉದ್ಯೋಗದ ಸ್ವರೂಪವೇ ಬದಲಾಯಿತು. ಬೆರಳು ಮತ್ತು ಕಿವಿಯ ಕೆಲಸ ಹೋಗಿ ಕಂಠದ ಕೆಲಸ ಬಂದಿತು. ಅಮೆರಿಕದ ಬಾಸ್ಟನ್ನಿನಲ್ಲಿ ಮೊದಲು ಹುಡುಗರನ್ನೇ ನೇಮಿಸಿ, ಅವರ ಒರಟು ಮಾತಿಗೆ ಬೇಸತ್ತು, ೧೮೭೮ರಲ್ಲಿ ಎಮ್ಮಾ ನಟ್ ಎಂಬ ಮಹಿಳೆಯನ್ನು ತೆಗೆದುಕೊಂಡರು. ಅಂದಿನಿಂದ ಎಲ್ಲ ದೇಶಗಳಲ್ಲಿಯೂ ಇದು ಹೆಣ್ಣುಮಕ್ಕಳ ಉದ್ಯೋಗವಾಯಿತು. ನಮ್ಮಲ್ಲಿ ಮೊದಲು ಆಂಗ್ಲೋ-ಇಂಡಿಯನ್ ಹೆಣ್ಣುಮಕ್ಕಳು, ಆಮೇಲೆ ಮಿಕ್ಕ ಮನೆತನಗಳವರು ಬಂದರು. ಓದಿದ ಹೆಣ್ಣುಮಗಳಿಗೆ ಉಪಾಧ್ಯಾಯಿನಿ, ದಾದಿ ಎಂಬ ಎರಡೇ ದಾರಿಗಳಿದ್ದ ಕಾಲದಲ್ಲಿ ಇದು ಮೂರನೆಯ ದಾರಿ. ಟ್ರಂಕ್ ಕಾಲ್ ಕಾದಿರಿಸಿ ಗಂಟೆಗಟ್ಟಲೆ ಕುಳಿತವರು ಇಂದಿಗೂ ನಿಮ್ಮ ಮನೆಯಲ್ಲಿದ್ದಾರು. ಆರ್ಡಿನರಿಯೋ, ಅರ್ಜೆಂಟೋ, ಲೈಟ್ನಿಂಗೋ, ಪಿ.ಪಿ. ಕಾಲೋ ಅಲ್ಲವೋ, ಇವೆಲ್ಲವನ್ನೂ ಒಂದೇ ಉಸಿರಿನಲ್ಲಿ ಕೇಳಿ, ಹುರಿಯ ತುದಿಯ ಪ್ಲಗ್ಗನ್ನು ಗುರುತಿನ ರಂಧ್ರಕ್ಕೆ ಸಿಕ್ಕಿಸಿ, ಮೂರು ನಿಮಿಷವಾಯಿತೆಂದು ನೆನಪಿಸುತ್ತಿದ್ದ ಆ ದನಿ ಹಿಂದಿನ ತಲೆಮಾರಿನ ಕಿವಿಯಲ್ಲಿ ಇನ್ನೂ ಉಳಿದಿದೆ.

ಆ ದನಿಯನ್ನು ನಿಲ್ಲಿಸಿದ ಯಂತ್ರದ ಕಥೆ ವಿಚಿತ್ರವಾದದ್ದು. ಅಮೆರಿಕದ ಕನ್ಸಾಸ್ ನಗರದಲ್ಲಿ ಶವಸಂಸ್ಕಾರದ ಏರ್ಪಾಡು ಮಾಡುವ ವೃತ್ತಿಯ ಆಲ್ಮನ್ ಸ್ಟ್ರೋಜರ್ ಎಂಬಾತನಿದ್ದನು. ತನಗೆ ಬರಬೇಕಾದ ಕರೆಗಳನ್ನು ಟೆಲಿಫೋನಿನ ಹೆಂಗಸು ತನ್ನ ಪ್ರತಿಸ್ಪರ್ಧಿಗೆ ಸೇರಿಸುತ್ತಿದ್ದಾಳೆಂದು ಅವನಿಗೆ ಸಂಶಯ ಹುಟ್ಟಿತಂತೆ. ನಡುವೆ ಮನುಷ್ಯರೇ ಬೇಡವೆಂದು ಯೋಚಿಸಿ ೧೮೯೧ರಲ್ಲಿ ತನ್ನಷ್ಟಕ್ಕೆ ತಾನೇ ಸಂಪರ್ಕ ಕಲ್ಪಿಸುವ ಯಂತ್ರಕ್ಕೆ ಪೇಟೆಂಟು ಪಡೆದನು. ನಿಜವೋ ಸುಳ್ಳೋ, ದೂತನ ನಿಷ್ಠೆಯ ಮೇಲೆ ಬಿದ್ದ ಒಂದು ಸಂಶಯ ಲಕ್ಷಾಂತರ ದೂತಿಯರ ಕೆಲಸಕ್ಕೆ ಕುತ್ತು ತಂದಿತು. ನಮ್ಮ ದೇಶದಲ್ಲಿ ಸಿಮ್ಲಾದಲ್ಲಿ ೧೯೧೩-೧೪ರಲ್ಲಿ ೭೦೦ ಸಾಲುಗಳ ಮೊದಲ ಸ್ವಯಂಚಾಲಿತ ಕೇಂದ್ರ ಬಂದಿತು.

ಆದರೆ ಒಬ್ಬರ ಕೆಲಸವನ್ನು ಕಿತ್ತುಕೊಂಡ ಅದೇ ಯಂತ್ರ ನಮ್ಮ ನಾಡಿನಲ್ಲಿ ಸಹಸ್ರಾರು ಮನೆಗಳಿಗೆ ಅನ್ನ ಕೊಟ್ಟಿತೆಂಬುದನ್ನು ಗಮನಿಸಿರಿ. ಸ್ವಾತಂತ್ರ್ಯ ಬಂದ ಮರುವರ್ಷ, ೧೯೪೮ರಲ್ಲಿ, ಬೆಂಗಳೂರಿನ ಹಳೆಯ ಮದರಾಸು ರಸ್ತೆಯಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಸ್ಥಾಪಿತವಾಯಿತು. ಸ್ವತಂತ್ರ ಭಾರತದ ಸಾರ್ವಜನಿಕ ಉದ್ಯಮಗಳಲ್ಲಿ ಇದೇ ಮೊದಲನೆಯದು. ಲಿವರ್‌ಪೂಲಿನ ಕಂಪನಿಯೊಂದರ ನೆರವಿನಿಂದ ಇಲ್ಲಿ ಟೆಲಿಫೋನುಗಳನ್ನೂ ಸ್ಟ್ರೋಜರ್ ಮಾದರಿಯ ವಿನಿಮಯ ಯಂತ್ರಗಳನ್ನೂ ತಯಾರಿಸತೊಡಗಿದರು. ಸುತ್ತ ಬೆಳೆದ ಊರಿಗೆ ಅಚ್ಚುಕಟ್ಟಾಗಿ 'ದೂರವಾಣಿನಗರ' ಎಂದೇ ಹೆಸರಿಟ್ಟರು. ಕಾರ್ಖಾನೆಯೊಡನೆ ಮನೆಗಳು, ಶಾಲೆ, ಆಸ್ಪತ್ರೆ. ಸುರುಳಿ ಸುತ್ತುವುದು, ರಿಲೇ ಜೋಡಿಸುವುದು ಮೊದಲಾದ ಸೂಕ್ಷ್ಮ ಕೆಲಸಗಳಲ್ಲಿ ಮಹಿಳೆಯರು ಬಹುಸಂಖ್ಯೆಯಲ್ಲಿ ದುಡಿದರು. ಹಳ್ಳಿಯಿಂದ ಬಂದ ಹುಡುಗನು ಅಪ್ರೆಂಟಿಸನಾಗಿ ಸೇರಿ, ಕೂದಲೆಳೆಯ ಅಳತೆಯ ಕೆಲಸವನ್ನು ಕಲಿತು, ಅಲ್ಲಿಯೇ ಮನೆ ಕಟ್ಟಿ, ಮಕ್ಕಳನ್ನು ಓದಿಸಿ ನಿವೃತ್ತನಾಗುವುದು ಒಂದು ಇಡೀ ತಲೆಮಾರಿನ ಬಾಳಿನ ಮಾದರಿಯಾಗಿದ್ದಿತು.

ಇದೇ ಹೊತ್ತಿಗೆ ಟಾಟಾ ವಿಜ್ಞಾನ ಮಂದಿರದ ಒಳಗೆ ಇನ್ನೊಂದು ಬಾಳು ರೂಪುಗೊಳ್ಳುತ್ತಿದ್ದಿತು. ೧೯೨೨ರಲ್ಲಿ ಹುಟ್ಟಿದ ರಾಜೇಶ್ವರಿಯವರು ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ ೧೯೪೩ರಲ್ಲಿ ಆ ಸಂಸ್ಥೆಯನ್ನು ಸೇರಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸೀಮೆಯ ಮೊದಲ ಪದವೀಧರೆಯರಲ್ಲೊಬ್ಬರು. ಸರ್ಕಾರದ ವಿದ್ಯಾರ್ಥಿವೇತನದಿಂದ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಡಾಕ್ಟರೇಟು ಪಡೆದು, ೧೯೫೩ರಲ್ಲಿ ಹಿಂದಿರುಗಿ ವಿದ್ಯುತ್ ಸಂಪರ್ಕ ವಿಭಾಗದಲ್ಲಿ ಅಧ್ಯಾಪಕರಾದರು. ಮೈಕ್ರೋವೇವ್ ಮತ್ತು ಆಂಟೆನಾಗಳ ವಿಷಯದಲ್ಲಿ ಸಂಶೋಧನೆ ನಡೆಸಿ, ಮುಂದೆ ಆ ವಿಭಾಗಕ್ಕೇ ಮುಖ್ಯಸ್ಥರಾದರು. ರಾಜೇಶ್ವರಿ ಚಟರ್ಜಿಯವರೆಂದರೆ ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರೆಂದು ಪ್ರಸಿದ್ಧರು. ೨೦೧೦ರಲ್ಲಿ ತೀರಿಕೊಂಡರು. ಅವರ ಕೈಯಲ್ಲಿದ್ದ ಮೂಲಧನ ಗಣಿತ. ಮಿಕ್ಕದ್ದೆಲ್ಲ ಅದರ ಮೇಲೆ ಕಟ್ಟಿದ ಮಾಳಿಗೆ.

ತಂತಿ ಕಚೇರಿಗಳಲ್ಲಿಯೂ ಬದಲಾವಣೆ ನಡೆದೇ ಇತ್ತು. ಟೆಲಿಪ್ರಿಂಟರು ಬಂದು ಮೋರ್ಸ್ ಕೀಲಿಯನ್ನು ಹಿಂದಕ್ಕೆ ಸರಿಸಿತು. ಬಡಿಯುತ್ತಿದ್ದವರು ಬೆರಳಚ್ಚು ಕಲಿತರು. ೧೯೬೦ರಲ್ಲಿ ಮದ್ರಾಸಿನಲ್ಲಿ ಹಿಂದೂಸ್ತಾನ್ ಟೆಲಿಪ್ರಿಂಟರ್ಸ್ ಎಂಬ ಕಾರ್ಖಾನೆಯೇ ಏರ್ಪಟ್ಟಿತು. ೧೯೪೯ರಿಂದ ದೇವನಾಗರಿಯಲ್ಲಿ ತಂತಿ ಕೊಡುವ ಅನುಕೂಲವಾಯಿತಾದರೂ ಕನ್ನಡದ ಮಾತನ್ನು ರೋಮನ್ ಅಕ್ಷರದಲ್ಲಿಯೇ ಬರೆದು ಕಳುಹಿಸಬೇಕಾಗಿದ್ದಿತು. ಬಹುಪಾಲು ತಂತಿಗಳು ಇಂಗ್ಲಿಷಿನಲ್ಲಿ. ಹಳ್ಳಿಗೆ ತಂತಿ ಬಂದರೆ ಮನೆಯವರು ಒಡೆಯುವ ಮೊದಲೇ ಅಳಲಾರಂಭಿಸುತ್ತಿದ್ದರು. ಓದಿ ಹೇಳಲು ಶಾಲೆಯ ಮೇಷ್ಟರನ್ನು ಹುಡುಕಿಕೊಂಡು ಬರುತ್ತಿದ್ದರು. ಹಬ್ಬಕ್ಕೂ ಮದುವೆಗೂ ಶುಭಾಶಯದ ವಾಕ್ಯಗಳಿಗೆ ಅಂಕೆಗಳನ್ನು ಗೊತ್ತುಮಾಡಿದ್ದರು. ಅಂಕೆಯೊಂದನ್ನು ಬರೆದರೆ ಆ ತುದಿಯಲ್ಲಿ ಇಡೀ ವಾಕ್ಯ ಸಿದ್ಧ.

ಮುಂದಿನ ಹೆಜ್ಜೆಗಳು ಬಹು ಬೇಗ ಬಿದ್ದವು. ೧೯೬೦ರಲ್ಲಿ ಕಾನ್ಪುರ ಮತ್ತು ಲಖನೌಗಳ ನಡುವೆ ಎಸ್.ಟಿ.ಡಿ. ಬಂದು, ಟ್ರಂಕ್ ಆಪರೇಟರರ ನಡುವಣ ಮಾತಿಲ್ಲದೆ ಚಂದಾದಾರನೇ ಊರಾಚೆಗೆ ಡಯಲ್ ಮಾಡಬಹುದಾಯಿತು. ೧೯೬೪ರಲ್ಲಿ ಬೆಂಗಳೂರಿನ ಕಾರ್ಖಾನೆ ಬೆಲ್ಜಿಯಂ ದೇಶದ ನೆರವಿನಿಂದ ಕ್ರಾಸ್‌ಬಾರ್ ಎಂಬ ಹೊಸ ಮಾದರಿಗೆ ಕೈಹಾಕಿತು. ಆ ಯಂತ್ರ ನಮ್ಮ ದೇಶದ ಕರೆಗಳ ದಟ್ಟಣೆಗೆ ಹೊಂದದೆ ಬಹಳ ತೊಂದರೆ ಕೊಟ್ಟಿತು. ಹೊರಗಿನಿಂದ ತಂದ ವಿದ್ಯೆ ಇಲ್ಲಿನ ನೆಲಕ್ಕೆ ಹೊಂದಬೇಕೆಂಬ ಪಾಠ ಆಗ ಕಲಿತದ್ದು. ೧೯೮೪ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆಯ ಯುವ ಎಂಜಿನಿಯರುಗಳು, ಹವಾನಿಯಂತ್ರಣವಿಲ್ಲದ ಹಳ್ಳಿಯ ಸೆಕೆ ಧೂಳುಗಳಲ್ಲಿಯೂ ನಡೆಯುವ ೧೨೮ ಸಾಲುಗಳ ಪುಟ್ಟ ಎಲೆಕ್ಟ್ರಾನಿಕ್ ಕೇಂದ್ರವನ್ನು ಸ್ವತಃ ರೂಪಿಸಿದರು. ಅದನ್ನು ೧೯೮೬ರಲ್ಲಿ ಮೊದಲು ಸ್ಥಾಪಿಸಿದ್ದು ಎಲ್ಲಿ ಬಲ್ಲಿರಾ? ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಶಿವಚಂದ್ರ ನಂದಿಯವರ ತಾಳೆಮರದ ಕಂಬಕ್ಕೂ ಕಿತ್ತೂರಿನ ಆ ಪುಟ್ಟ ಪೆಟ್ಟಿಗೆಗೂ ಒಂದೇ ವಂಶ. ಕೈಗೆ ಸಿಕ್ಕಿದ ಸಾಧನದಿಂದ ಇಲ್ಲಿನ ಕಷ್ಟಕ್ಕೆ ಇಲ್ಲಿಯೇ ಪರಿಹಾರ ಹುಡುಕುವ ವಂಶ ಅದು.

೧೯೯೫ರ ಜುಲೈ ೩೧ರಂದು ಕಲ್ಕತ್ತೆಯಿಂದ ದೆಹಲಿಗೆ ಮೊದಲ ಮೊಬೈಲ್ ಕರೆ ಹೋಯಿತು. ಆಮೇಲಿನದು ನೀವೆಲ್ಲರೂ ಕಣ್ಣಾರೆ ಕಂಡದ್ದೇ. ಎಲೆಕ್ಟ್ರಾನಿಕ್ ಯುಗದಲ್ಲಿ ಸ್ಟ್ರೋಜರ್ ಯಂತ್ರಗಳ ನುರಿತ ಕೈಗಳಿಗೆ ಕೆಲಸವಿಲ್ಲವಾಯಿತು. ದೂರವಾಣಿನಗರದಿಂದ ಎಷ್ಟೋ ಜನ ಅವಧಿಗೆ ಮುಂಚೆಯೇ ನಿವೃತ್ತರಾದರು. ೨೦೧೩ರ ಜುಲೈ ೧೪ರ ರಾತ್ರಿ ನಮ್ಮ ದೇಶದ ತಂತಿ ಸೇವೆಯ ಕೊನೆಯ ದಿನ ಮುಗಿಯಿತು. ಜೀವನದಲ್ಲಿ ಒಮ್ಮೆಯೂ ತಂತಿ ಕೊಡದವರು ಅಂದು ಸಾಲುಗಟ್ಟಿ ನಿಂತು ಕೊಟ್ಟರು. ೨೦೨೦ರ ಜನವರಿಯ ಕೊನೆಯ ದಿನ ಬಿ.ಎಸ್.ಎನ್.ಎಲ್. ಸಂಸ್ಥೆಯಿಂದ ಸುಮಾರು ೭೮,೦೦೦ ಜನ ಒಟ್ಟಿಗೆ ಸ್ವಯಂನಿವೃತ್ತಿ ಪಡೆದು ಮನೆಗೆ ಹೋದರು. ಇದನ್ನು ಅಂಕಿಯೆಂದು ಮಾತ್ರ ಓದಬೇಡಿರಿ. ಒಬ್ಬೊಬ್ಬರ ಹಿಂದೆಯೂ ಒಂದೊಂದು ಮನೆಯಿದೆ. ಮೂವತ್ತು ವರ್ಷ ಕಂಬ ಹತ್ತಿದ ಕಾಲು, ರಾತ್ರಿಪಾಳಿಯಲ್ಲಿ ಎಚ್ಚರವಿದ್ದ ಕಣ್ಣು ಇವೆ. ಮಳೆಗಾಲದಲ್ಲಿ ತಂತಿ ಹರಿದರೆ ಯಾರ ಹೆಸರು ಹಿಡಿದು ಕರೆಯುತ್ತಿದ್ದೆವೋ ಅಂಥವರೂ ಅವರಲ್ಲಿದ್ದರು.

ಹಾಗಾದರೆ ತಂದೆತಾಯಿಗಳ ಪ್ರಶ್ನೆಗೆ ಉತ್ತರವೇನು? ಈ ಉದ್ಯೋಗದಲ್ಲಿ ಒಂದು ಯಂತ್ರ ಒಂದು ಜೀವಮಾನದವರೆಗೆ ನಿಂತದ್ದು ಅಪೂರ್ವ. ಮುಳ್ಳಿನ ಯಂತ್ರ, ಮೋರ್ಸ್ ಕೀಲಿ, ಟೆಲಿಪ್ರಿಂಟರು, ಹುರಿಯ ಫಲಕ, ಸ್ಟ್ರೋಜರ್, ಕ್ರಾಸ್‌ಬಾರ್ ಎಲ್ಲವೂ ಬಂದವು, ಹೋದವು. ಒಂದೇ ಯಂತ್ರಕ್ಕೆ ತಮ್ಮನ್ನು ಕಟ್ಟಿಕೊಂಡವರು ಅದರೊಡನೆಯೇ ಬದಿಗೆ ಸರಿದರು. ಇದರಲ್ಲಿ ಅವರ ದೋಷಕ್ಕಿಂತ, ಹೊಸದನ್ನು ಕಲಿಸುವ ಹೊಣೆಯನ್ನು ಹೊರದ ಒಡೆತನದ ದೋಷವೇ ಹೆಚ್ಚೆಂದು ನನ್ನ ಅಭಿಪ್ರಾಯ. ಯಂತ್ರದ ಹಿಂದಿರುವ ಶಾಸ್ತ್ರವನ್ನು ಹಿಡಿದವರು ನಿಂತರು. ಆದುದರಿಂದ ಮಗುವನ್ನು ಈ ದಾರಿಗೆ ಕಳುಹಿಸುವುದಾದರೆ ಇಂದಿನ ಯಂತ್ರದ ಹೆಸರಿಗೆ ಮರುಳಾಗದೆ, ಗಣಿತವನ್ನೂ ವಿದ್ಯುತ್ತಿನ ಮೂಲತತ್ತ್ವವನ್ನೂ ಗಟ್ಟಿಮಾಡಿಸಿರಿ. ಐದಾರು ವರ್ಷಕ್ಕೊಮ್ಮೆ ಮತ್ತೆ ವಿದ್ಯಾರ್ಥಿಯಾಗಿ ಕೂರಲು ನಾಚಿಕೆಪಡಬಾರದೆಂಬುದನ್ನು ಈಗಲೇ ತಿಳಿಯಹೇಳಿರಿ. ಕೆಲಸಕ್ಕೆ ಸೇರುವಾಗ ಸಂಬಳವೆಷ್ಟೆಂದು ಕೇಳುವುದರ ಜೊತೆಗೆ, ಇಲ್ಲಿ ಹೊಸದನ್ನು ಕಲಿಸುತ್ತಾರೆಯೇ ಎಂದೂ ಕೇಳಲಿ.

ಇನ್ನೊಂದು ಮಾತು ಉಳಿದಿದೆ. ಇಷ್ಟೆಲ್ಲ ಬದಲಾವಣೆಗಳ ನಡುವೆ ಬದಲಾಗದೆ ಉಳಿದದ್ದು ಶಾಸನಹರನ ಧರ್ಮ. ಪರರ ಮಾತನ್ನು ತಿದ್ದದೆ, ಕದ್ದು ಕೇಳದೆ, ತಡಮಾಡದೆ ಮುಟ್ಟಿಸುವುದು. ಹಿಂದೆ ಒಬ್ಬ ಗುಮಾಸ್ತನ ಕಿವಿಯ ಮೂಲಕ ದಿನಕ್ಕೆ ಕೆಲವು ನೂರು ಸಂದೇಶಗಳು ಹಾದುಹೋಗುತ್ತಿದ್ದವು. ಇಂದು ಒಬ್ಬ ಎಂಜಿನಿಯರನ ಕೈಕೆಳಗಿನ ಯಂತ್ರದಲ್ಲಿ ಕೋಟ್ಯಂತರ ಸಂದೇಶಗಳು ಹಾದುಹೋಗುತ್ತವೆ. ನಮ್ಮ ಹಣ, ನಮ್ಮ ಕಾಯಿಲೆ, ನಮ್ಮ ಮನೆಮಾತು ಎಲ್ಲವೂ ಅವನ ವಶ. ಇಂಥವನಿಗೆ ಅಮಾತ್ಯನ ಗುಣಗಳಲ್ಲಿ ಅರ್ಧ ಸಾಕೆಂದು ಕೌಟಿಲ್ಯನೂ ಇಂದು ಹೇಳಲಾರನು. ಮಕ್ಕಳು ಈ ಉದ್ಯೋಗಕ್ಕೆ ಹೋಗಲಿ. ಹೋಗುವಾಗ ಪೂರ್ಣಗುಣವನ್ನೇ ಕಟ್ಟಿಕೊಂಡು ಹೋಗಲಿ.